‘ಗ್ರಾಫಿಕ್ಸ್ ಕಾರ್ಡ್ 4 ಜಿಬಿ’ ಎಂದಷ್ಟೇ ಬರೆದ ಬಿಲ್ಲು ಸಾಲದು

ಮಾನ್ಯ ಸಂಪಾದಕರೇ,

ಪಿಯುಸಿ ಫಲಿತಾಂಶ ಬಂದು ಎಂಜಿನಿಯರಿಂಗ್ ಪ್ರವೇಶ ಶುರುವಾಗುವ ದಿನಗಳಲ್ಲಿ ಕಲಬುರಗಿಯ ಕಂಪ್ಯೂಟರ್ ಅಂಗಡಿಗಳಲ್ಲಿ ಹೊಸ ಗೇಮಿಂಗ್ ಕಂಪ್ಯೂಟರ್ ಜೋಡಿಸುವ ಕೆಲಸ ಜೋರಾಗಿರುತ್ತದೆ. ಸೇಡಂ, ಯಾದಗಿರಿ, ಶಹಾಪುರ, ಹುಮನಾಬಾದ್ ಕಡೆಯಿಂದಲೂ ತಂದೆ–ಮಕ್ಕಳು ಬರುತ್ತಾರೆ. ಅವರ ಕೈಗೆ ಸಿಗುವ ಕೊಟೇಶನ್‌ನಲ್ಲಿ ಎಲ್ಲಕ್ಕಿಂತ ದುಬಾರಿ ಸಾಮಾನಿನ, ಅಂದರೆ ಆಟದ ಚಿತ್ರಗಳನ್ನು ಪರದೆಗೆ ಬಿಡಿಸಿಕೊಡುವ ಕಾರ್ಡಿನ, ಸಾಲು ಬಹಳ ಸಲ ಇಷ್ಟೇ ಇರುತ್ತದೆ: ‘ಗ್ರಾಫಿಕ್ಸ್ ಕಾರ್ಡ್ 4 ಜಿಬಿ – 1’. ಯಾವ ಕಂಪನಿ, ಯಾವ ಮಾದರಿ, ಯಾವ ಬಗೆಯ ಮೆಮೊರಿ, ಸೀರಿಯಲ್ ನಂಬರ್ ಏನು, ಒಂದೂ ಇಲ್ಲ. ಕೊಳ್ಳುವವರೂ ಕೇಳುವುದಿಲ್ಲ. “4 ಜಿಬಿ ಕಾರ್ಡ್ ಅದರೀ, ಎಲ್ಲಾ ಗೇಮ್ ನಡೀತಾವ” ಎಂಬ ಮಾತಿಗೆ ವ್ಯಾಪಾರ ಮುಗಿದುಹೋಗುತ್ತದೆ. ಆ ಒಂದು ಸಾಲು ಪೂರ್ತಿ ಬರೆದಿದ್ದರೆ ತಪ್ಪುತ್ತಿದ್ದ ನಷ್ಟ ಸಣ್ಣದಲ್ಲ. ಹಾಗಾಗಿ ಈ ಪತ್ರ ಸ್ವಲ್ಪ ಉದ್ದವಾದರೂ ಪೂರ್ತಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಜಿಬಿ ಎಂಬುದು ಕಾರ್ಡಿನ ವೇಗವಲ್ಲ. ನಮ್ಮ ಗಂಜ್ ಮಾರುಕಟ್ಟೆಯ ಗೋದಾಮನ್ನು ನೆನೆಸಿಕೊಳ್ಳಿ: ಒಳಗೆ ಎಷ್ಟು ಚೀಲ ತೊಗರಿ ಹಿಡಿಯುತ್ತದೆ ಎನ್ನುವುದು ಬೇರೆ, ಬಾಗಿಲಿನಿಂದ ಗಂಟೆಗೆ ಎಷ್ಟು ಚೀಲ ಹೊರಗೆ ಬರುತ್ತದೆ ಎನ್ನುವುದು ಬೇರೆ. ಜಿಬಿ ಎಂದರೆ ಗೋದಾಮಿನ ಅಳತೆ ಮಾತ್ರ. 2014ರಲ್ಲಿ ಬಂದ, ಎನ್‌ವಿಡಿಯಾ ಕಂಪನಿಯ ಜಿಟಿ 730 ಕಾರ್ಡ್‌ನಲ್ಲಿ 4 ಜಿಬಿ ಡಿಡಿಆರ್3 ಎಂಬ ಹಳೆಯ ಬಗೆಯ ಮೆಮೊರಿ ಇರುವ ಮಾದರಿಗಳಿವೆ. ಅದರ 64 ಬಿಟ್ (ಬಿಟ್ ಎಂದರೆ ಮೆಮೊರಿಯ ಬಾಗಿಲಿನ ಅಗಲ) ಮಾದರಿಯಲ್ಲಿ ಸೆಕೆಂಡಿಗೆ ಹರಿಯುವ ಮಾಹಿತಿ ಸುಮಾರು 14 ಜಿಬಿ. ಜಿಟಿಎಕ್ಸ್ 1650 ಕೂಡ 4 ಜಿಬಿ ಕಾರ್ಡೇ, ಆದರೆ ಅದರಲ್ಲಿ ಸೆಕೆಂಡಿಗೆ ಕಡಿಮೆಯೆಂದರೂ 128 ಜಿಬಿ ಹರಿಯುತ್ತದೆ. ಬಿಲ್ಲಿನಲ್ಲಿ ಎರಡೂ ‘4 ಜಿಬಿ’. ಇನ್ನೂ ಬೇಸರದ ಸಂಗತಿಯೆಂದರೆ, ಎಎಂಡಿ ಕಂಪನಿಯ ರೈಜನ್ 5 5600ಜಿ ಪ್ರೊಸೆಸರಿನ ಒಳಗೇ ಇರುವ ಗ್ರಾಫಿಕ್ಸ್, ಎರಡು ಡಿಡಿಆರ್4 3200 ರ್ಯಾಮ್ ಪಟ್ಟಿ ಹಾಕಿದರೆ, ಆ ಜಿಟಿ 730ಗಿಂತ ಚೆನ್ನಾಗಿ ಆಡಿಸುತ್ತದೆ. ಪ್ರೊಸೆಸರ್ ಜೊತೆ ಪುಕ್ಕಟೆ ಬಂದದ್ದನ್ನು ಬಿಟ್ಟು, ಅದಕ್ಕಿಂತ ನಿಧಾನದ ಕಾರ್ಡಿಗೆ ದುಡ್ಡು ಕೊಟ್ಟಂತಾಯಿತು.

ಮಾದರಿಯ ಹೆಸರು ಬರೆದರೂ ಅರ್ಧ ಹೆಸರು ಬರೆದರೆ ಉಪಯೋಗವಿಲ್ಲ. ಎನ್‌ವಿಡಿಯಾದ ಆರ್‌ಟಿಎಕ್ಸ್ 3050 ಎಂಬ ಒಂದೇ ಹೆಸರಿನಲ್ಲಿ 8 ಜಿಬಿ ಕಾರ್ಡ್ ಇದೆ, 2024ರಲ್ಲಿ ಬಂದ 6 ಜಿಬಿ ಕಾರ್ಡ್ ಇದೆ. ವ್ಯತ್ಯಾಸ 2 ಜಿಬಿ ಮಾತ್ರವಲ್ಲ. 8 ಜಿಬಿಯದರಲ್ಲಿ 2560 ಕೋರ್ (ಲೆಕ್ಕ ಮಾಡುವ ಘಟಕ), 128 ಬಿಟ್ ದಾರಿ; 6 ಜಿಬಿಯದರಲ್ಲಿ 2304 ಕೋರ್, 96 ಬಿಟ್ ದಾರಿ. ಹಾಗೆಂದು 6 ಜಿಬಿಯದು ಕೆಟ್ಟ ಕಾರ್ಡ್ ಅಲ್ಲ: ಅದು 70 ವ್ಯಾಟ್‌ನಲ್ಲೇ ನಡೆಯುತ್ತದೆ, ಎಸ್‌ಎಂಪಿಎಸ್‌ನಿಂದ (ಕಂಪ್ಯೂಟರಿಗೆ ಕರೆಂಟ್ ಪೂರೈಸುವ ಪೆಟ್ಟಿಗೆ) ಬೇರೆ ವೈರ್ ಬೇಡ, ಹಳೆಯ ಆಫೀಸ್ ಕಂಪ್ಯೂಟರಿಗೆ ಹಾಕಲು ಅದರಷ್ಟು ಸುಲಭದ್ದು ಕಡಿಮೆ. ಆದರೆ 8 ಜಿಬಿಯ ದರ ಕೊಟ್ಟು 6 ಜಿಬಿಯದನ್ನು ಮನೆಗೆ ತರಬಾರದು. ಆರ್‌ಟಿಎಕ್ಸ್ 3060ದಲ್ಲೂ ಇದೇ ಕತೆ. 12 ಜಿಬಿಯದು 192 ಬಿಟ್, 8 ಜಿಬಿಯದು 128 ಬಿಟ್. ಕೊನೆಯ ಎರಡಕ್ಷರ ‘ಟಿಐ’ ಇದೆಯೋ ಇಲ್ಲವೋ, ‘ಎಕ್ಸ್‌ಟಿ’ ಇದೆಯೋ ಇಲ್ಲವೋ ಎಂಬುದರ ಮೇಲೆ ಸಾವಿರಾರು ರೂಪಾಯಿ ನಿಂತಿರುತ್ತದೆ.

ಕಾರ್ಡ್ ಆರಿಸುವ ಮೊದಲು ಮಾನಿಟರ್ ಗಟ್ಟಿ ಮಾಡಿಕೊಳ್ಳಬೇಕು. ನಮ್ಮಲ್ಲಿ ಇದು ಉಲ್ಟಾ ನಡೆಯುತ್ತದೆ. ಕಾರ್ಡಿಗೆಲ್ಲ ಖರ್ಚು ಮಾಡಿ, ಉಳಿದ ದುಡ್ಡಿನಲ್ಲಿ ಯಾವುದೋ ಹಳೆಯ 60 ಹರ್ಟ್ಜ್ (ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ) ಪರದೆ ತೆಗೆದುಕೊಳ್ಳುತ್ತಾರೆ. ಕಾರ್ಡ್ ಪ್ರತಿ ಫ್ರೇಮಿಗೂ, ಅಂದರೆ ಪ್ರತಿ ಚಿತ್ರಕ್ಕೂ, ಬಿಡಿಸಬೇಕಾದ ಚುಕ್ಕಿಗಳ ಲೆಕ್ಕ ನೋಡಿ: 1920×1080 ಪರದೆಯಲ್ಲಿ ಸುಮಾರು 20.7 ಲಕ್ಷ, 2560×1440ರಲ್ಲಿ ಸುಮಾರು 36.9 ಲಕ್ಷ, 4ಕೆ ಪರದೆಯಲ್ಲಿ ಸುಮಾರು 83 ಲಕ್ಷ. 4ಕೆ ಟಿವಿಗೆ ಜೋಡಿಸುತ್ತೇನೆಂದು ಹೊರಟವರು ಮೊದಲ ಪರದೆಯ ನಾಲ್ಕು ಪಟ್ಟು ಕೆಲಸವನ್ನು ಅದೇ ಕಾರ್ಡಿಗೆ ಹೇರುತ್ತಿದ್ದಾರೆ. ಹಾಸ್ಟೆಲ್ ಕೋಣೆಯ ಮೇಜಿಗೆ, ಎರಡಡಿ ದೂರದಲ್ಲಿ ಕೂತು ಆಡುವವರಿಗೆ, 24 ಇಂಚಿನ 1080ಪಿ (1920×1080), 144 ಹರ್ಟ್ಜ್ ಅಥವಾ ಅದಕ್ಕಿಂತ ಮೇಲಿನ ಮಾನಿಟರ್ ಸಾಕು ಎಂಬುದು ನನ್ನ ಅಭಿಪ್ರಾಯ. ಇಷ್ಟಕ್ಕೆ ಆರ್‌ಟಿಎಕ್ಸ್ 4060, ಆರ್‌ಟಿಎಕ್ಸ್ 5060 ಅಥವಾ ಎಎಂಡಿಯ ಆರ್‌ಎಕ್ಸ್ 7600 ದರ್ಜೆಯ ಕಾರ್ಡ್ ಹೊಂದುತ್ತದೆ. ಬರೀ ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್ 2 ಆಡುವವರಿಗೆ ಅಷ್ಟೂ ಬೇಡ. ಆ ಆಟಗಳಲ್ಲಿ ಕಾರ್ಡಿಗಿಂತ ಪ್ರೊಸೆಸರ್ ಮೇಲೆ ಭಾರ ಹೆಚ್ಚು. ಆರ್‌ಎಕ್ಸ್ 6600 ಇದ್ದರೆ ಧಾರಾಳವಾಗಿ ನಡೆಯುತ್ತವೆ. ಮನೆಯಲ್ಲಿರುವ ಹಳೆಯ ಮಾನಿಟರಿನಲ್ಲಿ ವಿಜಿಎ ಸಾಕೆಟ್ ಮಾತ್ರ ಇದ್ದರೆ ಮೊದಲೇ ಹೇಳಿಬಿಡಿ. ಈಗಿನ ಯಾವ ಕಾರ್ಡಿನಲ್ಲೂ ವಿಜಿಎ ಇಲ್ಲ. ಎಚ್‌ಡಿಎಂಐ ಮತ್ತು ಡಿಸ್‌ಪ್ಲೇಪೋರ್ಟ್ ಮಾತ್ರ.

ಮೆಮೊರಿ ಎಷ್ಟಿರಬೇಕು ಎಂಬ ಪ್ರಶ್ನೆಗೆ ಈಗ ಬರೋಣ, ಏಕೆಂದರೆ ಗೋದಾಮು ತುಂಬಿ ತುಳುಕಿದಾಗ ಜಿಬಿಗೂ ಬೆಲೆ ಬರುತ್ತದೆ. ಇತ್ತೀಚಿನ ದೊಡ್ಡ ಆಟಗಳಲ್ಲಿ ಟೆಕ್ಸ್ಚರ್ (ವಸ್ತುಗಳ ಮೇಲ್ಮೈಯ ಚಿತ್ರ) ಮಟ್ಟವನ್ನು ಮೇಲಕ್ಕೆ ಇಟ್ಟರೆ 1080ಪಿಯಲ್ಲೇ 8 ಜಿಬಿ ತುಂಬುವುದುಂಟು. ತುಂಬಿದ ಮೇಲೆ ಉಳಿದದ್ದು ಮದರ್‌ಬೋರ್ಡಿನ ರ್ಯಾಮಿಗೆ ಹೋಗುತ್ತದೆ, ಬೇಕಾದಾಗಲೆಲ್ಲ ಕಾರ್ಡ್ ಕೂರುವ ಸ್ಲಾಟಿನ ದಾರಿಯಲ್ಲಿ ಓಡಾಡುತ್ತದೆ. ಆಗ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ಸರಾಸರಿ ಚೆನ್ನಾಗಿ ಕಂಡರೂ ಆಟ ತಟ್ಟನೆ ನಿಂತು ನಿಂತು ಹೋಗುತ್ತದೆ. ಆ ಸ್ಲಾಟಿನ ದಾರಿ ಎಷ್ಟು ಅಗಲ ಎಂಬುದನ್ನು ನಮ್ಮಲ್ಲಿ ಯಾರೂ ವಿಚಾರಿಸುವುದಿಲ್ಲ. ಆರ್‌ಎಕ್ಸ್ 6600, ಆರ್‌ಟಿಎಕ್ಸ್ 4060, 5060 ಇವು ಕಣ್ಣಿಗೆ 16 ಲೇನಿನ (ಲೇನ್ ಎಂದರೆ ಮಾಹಿತಿ ಓಡುವ ಒಂದು ಸಾಲು) ಉದ್ದನೆಯ ಹಲ್ಲು ತೋರಿಸಿದರೂ ಬಳಸುವುದು 8 ಲೇನ್ ಮಾತ್ರ. ಪಿಸಿಐಇ (ಆ ಸ್ಲಾಟಿನ ಹೆಸರು) 4.0 ತಲೆಮಾರಿನ ಬೋರ್ಡಿನಲ್ಲಿ 8 ಲೇನ್ ಎಂದರೆ ಸೆಕೆಂಡಿಗೆ ಸುಮಾರು 16 ಜಿಬಿ; 3.0 ಬೋರ್ಡಿನಲ್ಲಿ ಅದರ ಅರ್ಧ. ಆರ್‌ಎಕ್ಸ್ 6500 ಎಕ್ಸ್‌ಟಿ ಎಂಬ 4 ಜಿಬಿ ಕಾರ್ಡ್‌ಗೆ ಇರುವುದು ಬರೀ 4 ಲೇನ್. ಅದನ್ನು ಇಂಟೆಲ್ 10ನೇ ತಲೆಮಾರಿನ ಹಳೆಯ ಬೋರ್ಡಿಗೆ ಹಾಕಿದರೆ ಮೆಮೊರಿಯೂ ಕಡಿಮೆ, ದಾರಿಯೂ ಇಕ್ಕಟ್ಟು. ಪ್ರೊಸೆಸರ್ ಕಡೆಯೂ ಇಂಥದೇ ಒಂದು ಕೊಂಡಿ ಇದೆ: ರೈಜನ್ 5 8500ಜಿ ಗ್ರಾಫಿಕ್ಸ್ ಕಾರ್ಡಿಗೆ ಬಿಟ್ಟುಕೊಡುವುದು 4 ಲೇನ್ ಮಾತ್ರ. ‘ಮುಂದೆ ಕಾರ್ಡ್ ಹಾಕಿಸೋಣ’ ಎಂದು ಅದನ್ನು ಕೊಂಡವರು ಮುಂದೆ ಹಾಕಿಸಿದಾಗ ಪೂರ್ತಿ ವೇಗ ಸಿಗುವುದಿಲ್ಲ. 5600ಜಿ 16 ಲೇನ್ ಕೊಡುತ್ತದೆ, ಆದರೆ 3.0 ಮಾತ್ರ. ಹೊಸ ಬೋರ್ಡ್, ಹೊಸ ಪ್ರೊಸೆಸರ್ ಜೊತೆ ನಾಲ್ಕೈದು ವರ್ಷ ಇಟ್ಟುಕೊಳ್ಳುವ ಕಾರ್ಡ್ ನೋಡುವವರು ಬಜೆಟ್ ಒಪ್ಪಿದರೆ ಆರ್‌ಟಿಎಕ್ಸ್ 5060 ಟಿಐ ಅಥವಾ ಆರ್‌ಎಕ್ಸ್ 9060 ಎಕ್ಸ್‌ಟಿ ಇವುಗಳ 16 ಜಿಬಿ ಮಾದರಿಗೇ ಹೋಗುವುದು ಒಳ್ಳೆಯದು. ಇವೆರಡರಲ್ಲೂ 8 ಜಿಬಿ ಮಾದರಿ ಅದೇ ಹೆಸರಿನಲ್ಲಿ ಮಾರಾಟಕ್ಕಿದೆ ಎಂಬುದು ನೆನಪಿರಲಿ.

ಯಾವ ಕಂಪನಿಯ ಚಿಪ್ ಎಂಬ ಜಗಳ ಹುಡುಗರಲ್ಲಿ ಬಹಳ. ಬರೀ ಆಟಕ್ಕಾದರೆ ಎಎಂಡಿ ಕಾರ್ಡ್ ಅದೇ ದುಡ್ಡಿಗೆ ಸ್ವಲ್ಪ ಹೆಚ್ಚು ಕೊಡುವುದುಂಟು. ಆದರೆ ಮಗ ಅಥವಾ ಮಗಳು ಎಂಜಿನಿಯರಿಂಗ್ ಓದುತ್ತಿದ್ದು, ಮಷಿನ್ ಲರ್ನಿಂಗ್ ಪ್ರಾಜೆಕ್ಟ್ ಮಾಡುವುದಿದ್ದರೆ, ಬ್ಲೆಂಡರ್ ಎಂಬ 3ಡಿ ಚಿತ್ರದ ತಂತ್ರಾಂಶ ಅಥವಾ ವಿಡಿಯೊ ಎಡಿಟಿಂಗ್ ಕಲಿಯುವುದಿದ್ದರೆ, ಎನ್‌ವಿಡಿಯಾ ತೆಗೆದುಕೊಳ್ಳಿ. ಆ ತಂತ್ರಾಂಶಗಳಲ್ಲಿ ಬಹಳಷ್ಟು ಕಾರ್ಡಿನಲ್ಲೇ ಲೆಕ್ಕ ನಡೆಸುವ ಅದರ ಕುಡಾ ವ್ಯವಸ್ಥೆಯನ್ನು ನಂಬಿಕೊಂಡಿವೆ, ಪಾಠಗಳೂ ಅದರ ಮೇಲೆಯೇ ಇರುತ್ತವೆ. ಅಲ್ಲಿ 12 ಜಿಬಿಯ ಹಳೆಯ 3060 ಕೂಡ 8 ಜಿಬಿಯ ಹೊಸ ಕಾರ್ಡಿಗಿಂತ ಕೆಲಸಕ್ಕೆ ಬರುವ ಸಂದರ್ಭಗಳಿವೆ, ಮಷಿನ್ ಲರ್ನಿಂಗ್ ಮಾಡೆಲ್ ಕಾರ್ಡಿನ ಮೆಮೊರಿಯಲ್ಲಿ ಹಿಡಿಯದಿದ್ದರೆ ವೇಗ ಇದ್ದು ಪ್ರಯೋಜನವಿಲ್ಲ. ಇಂಟೆಲ್‌ನ ಆರ್ಕ್ ಬಿ580ರಲ್ಲಿ 12 ಜಿಬಿ ಇದೆ, ದರಕ್ಕೆ ತಕ್ಕ ಕಾರ್ಡ್. ಆದರೆ ಬಯೋಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್) ರೀಸೈಜೆಬಲ್ ಬಾರ್, ಅಂದರೆ ಪ್ರೊಸೆಸರ್ ಕಾರ್ಡಿನ ಪೂರ್ತಿ ಮೆಮೊರಿಯನ್ನು ಒಟ್ಟಿಗೆ ಮುಟ್ಟುವ ಸೌಲಭ್ಯ, ಆನ್ ಆಗದ ಹಳೆಯ ಬೋರ್ಡಿಗೆ ಅದನ್ನು ಹಾಕಲೇಬಾರದು. ವೇಗ ತೀರಾ ಕುಸಿಯುತ್ತದೆ.

ದರ ವಾರ ವಾರಕ್ಕೆ ಬದಲಾಗುವುದರಿಂದ ಇಲ್ಲಿ ರೂಪಾಯಿ ಬರೆಯುವುದಿಲ್ಲ, ಪ್ರಮಾಣ ಹೇಳುತ್ತೇನೆ. ಮಾನಿಟರ್ ಬಿಟ್ಟು ಉಳಿದ ಡಬ್ಬಿಯ ಖರ್ಚಿನಲ್ಲಿ ಕಾರ್ಡಿನ ಪಾಲು ನೂರಕ್ಕೆ 35ರಿಂದ 45 ಇದ್ದರೆ ಹದ. ಅದಕ್ಕಿಂತ ಮೇಲೆ ಹೋದರೆ ಎಸ್‌ಎಂಪಿಎಸ್‌ನಲ್ಲೋ ರ್ಯಾಮ್‌ನಲ್ಲೋ ಕತ್ತರಿ ಬಿದ್ದಿರುತ್ತದೆ. ಪ್ರೊಸೆಸರ್ ವಿಷಯದಲ್ಲಿ ನಮ್ಮ ಭಾಗದವರಿಗೆ ಒಂದು ಮಾತು ಒತ್ತಿ ಹೇಳಬೇಕು. ಇಂಟೆಲ್‌ನ ಐ5 12400ಎಫ್, ಎಎಂಡಿಯ ರೈಜನ್ 5 5600, ರೈಜನ್ 5 7500ಎಫ್ ಇವುಗಳ ಒಳಗೆ ಗ್ರಾಫಿಕ್ಸ್ ಇಲ್ಲ. ಕಾರ್ಡ್ ಕೆಟ್ಟ ದಿನ ಪರದೆ ಕತ್ತಲೆ. ಬೆಂಗಳೂರಿನವರು ಅದೇ ದಿನ ಸರ್ವಿಸ್ ಸೆಂಟರಿಗೆ ಹೋಗಿ ಬರುತ್ತಾರೆ. ಇಲ್ಲಿಂದ ಕಾರ್ಡ್ ಹೈದರಾಬಾದಿಗೋ ಬೆಂಗಳೂರಿಗೋ ಹೋಗಿ ವಾಪಸ್ ಬರಲು ವಾರಗಳೇ ಹಿಡಿಯುತ್ತವೆ, ಅಷ್ಟೂ ದಿನ ಕಂಪ್ಯೂಟರ್ ಮೂಲೆಗೆ. ಸ್ವಲ್ಪ ಹೆಚ್ಚು ಕೊಟ್ಟು ‘ಎಫ್’ ಇಲ್ಲದ 12400 ಅಥವಾ ರೈಜನ್ 5 7600 ತೆಗೆದುಕೊಂಡರೆ, ಕಾರ್ಡ್ ಇಲ್ಲದ ದಿನಗಳಲ್ಲಿ ಓದು, ಆನ್‌ಲೈನ್ ಕ್ಲಾಸ್, ಪ್ರಾಜೆಕ್ಟ್ ಕೆಲಸ ನಿಲ್ಲುವುದಿಲ್ಲ.

ಈಗ ಎಸ್‌ಎಂಪಿಎಸ್. ನಮ್ಮ ಕಡೆ ಕಾರ್ಡ್‌ಗಳು ಸಾಯುವುದಕ್ಕೆ, ಆಟದ ಮಧ್ಯೆ ಕಂಪ್ಯೂಟರ್ ತಟ್ಟನೆ ಆಫ್ ಆಗುವುದಕ್ಕೆ ಬಹುಪಾಲು ಕಾರಣ ಇಲ್ಲಿದೆ. ಕ್ಯಾಬಿನೆಟ್ ಜೊತೆ ‘ಫ್ರೀ’ ಬರುವ ಹಗುರವಾದ ಎಸ್‌ಎಂಪಿಎಸ್‌ನ ಮೈಮೇಲೆ ‘500 ವ್ಯಾಟ್’ ಎಂದು ದೊಡ್ಡದಾಗಿ ಅಚ್ಚಾಗಿರುತ್ತದೆ. ಅದನ್ನು ಕೈಯಲ್ಲಿ ಹಿಡಿದು, ಪಕ್ಕಕ್ಕೆ ಅಂಟಿಸಿದ ಚೀಟಿಯನ್ನು ಬೆಳಕಿಗೆ ತಿರುಗಿಸಿ ನೋಡಿ. ಚೌಕ ಚೌಕದ ಪಟ್ಟಿಯೊಂದಿರುತ್ತದೆ: +3.3 ವೋಲ್ಟ್, +5 ವೋಲ್ಟ್, +12 ವೋಲ್ಟ್, ಕೆಳಗೆ ಆಂಪಿಯರ್. ನೋಡಬೇಕಾದದ್ದು 12 ವೋಲ್ಟ್ ಮನೆಯನ್ನು ಮಾತ್ರ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಹೆಚ್ಚಾಗಿ ಉಣ್ಣುವುದು ಅಲ್ಲಿಂದಲೇ. ಅಲ್ಲಿ 16 ಆಂಪಿಯರ್ ಎಂದಿದ್ದರೆ 12×16 = 192 ವ್ಯಾಟ್. ಮೈಮೇಲಿನ 500 ಬರೀ ಅಂಕಿ. ಒಳ್ಳೆಯ 550 ವ್ಯಾಟ್ ಎಸ್‌ಎಂಪಿಎಸ್‌ನಲ್ಲಿ ಅದೇ ಮನೆಯಲ್ಲಿ 45 ಆಂಪಿಯರ್ ಆಸುಪಾಸು ಇರುತ್ತದೆ, ಅಂದರೆ 540 ವ್ಯಾಟ್. ಆರ್‌ಟಿಎಕ್ಸ್ 4060 ತಾನು 115 ವ್ಯಾಟ್ ತಿನ್ನುತ್ತದೆ, 5060 ಟಿಐ 180, ಬಿ580 190. ಕಣ್ಣೆವೆ ಮುಚ್ಚುವಷ್ಟು ಹೊತ್ತು ಈ ಅಂಕಿಗಿಂತ ಬಹಳ ಮೇಲಕ್ಕೆ ಜಿಗಿಯುವುದೂ ಇದೆ. ಆದ್ದರಿಂದ 4060, 5060ಕ್ಕೆ ಹೆಸರುಳ್ಳ ಕಂಪನಿಯ 550 ವ್ಯಾಟ್, 5060 ಟಿಐ ಅಥವಾ ಬಿ580ಕ್ಕೆ 650 ವ್ಯಾಟ್ ಹಾಕಿಸಿ. ‘80 ಪ್ಲಸ್’ ಗುರುತು ಕರೆಂಟ್ ಎಷ್ಟು ಪೋಲಾಗುತ್ತದೆ ಎಂಬುದನ್ನಷ್ಟೇ ಹೇಳುತ್ತದೆ, ಗುಣಮಟ್ಟಕ್ಕೆ ಪೂರ್ತಿ ಪ್ರಮಾಣಪತ್ರವಲ್ಲ. ಅದರ ಜೊತೆ ಎಷ್ಟು ಡಿಗ್ರಿ ಬಿಸಿಯಲ್ಲಿ ಆ ವ್ಯಾಟ್ ಕೊಡುತ್ತದೆ ಎಂದು ವಿವರಪಟ್ಟಿಯಲ್ಲಿ ಓದಿ. 25 ಡಿಗ್ರಿಗೆ ಅಳೆದದ್ದು ನಮ್ಮ ಮೇ ತಿಂಗಳಿಗಲ್ಲ. 40 ಅಥವಾ 50 ಡಿಗ್ರಿ ಎಂದಿರಬೇಕು.

ಕಾರ್ಡಿಗೆ ಬೇಕಾದ ಪಿನ್ ಎಸ್‌ಎಂಪಿಎಸ್‌ನಲ್ಲಿ ಇಲ್ಲದಿದ್ದರೆ ಕೆಲವರು ಸಾಟಾ ವೈರಿಗೆ ಕನ್ವರ್ಟರ್ ಹಾಕಿ 6 ಪಿನ್ ಅಥವಾ 8 ಪಿನ್ ಮಾಡಿಕೊಡುತ್ತಾರೆ. ದಯವಿಟ್ಟು ಒಪ್ಪಬೇಡಿ. ಸಾಟಾ ಕನೆಕ್ಟರಿನ 12 ವೋಲ್ಟ್ ಭಾಗ ತಡೆಯುವುದು 4.5 ಆಂಪಿಯರ್, ಅಂದರೆ 54 ವ್ಯಾಟ್. 6 ಪಿನ್ ಮೂಲಕ ಕಾರ್ಡ್ 75 ವ್ಯಾಟ್, 8 ಪಿನ್ ಮೂಲಕ 150 ವ್ಯಾಟ್ ಎಳೆಯಬಹುದು. ಕಪ್ಪು ಪ್ಲಾಸ್ಟಿಕ್ ಮೊದಲು ಕಂದಾಗುತ್ತದೆ, ಆಮೇಲೆ ಕರಗುತ್ತದೆ, ಸುಟ್ಟ ವಾಸನೆ ಬರುವ ಹೊತ್ತಿಗೆ ತಡವಾಗಿರುತ್ತದೆ.

ಬ್ಯಾಸಗಿಯಲ್ಲಿ 42–43 ಡಿಗ್ರಿ ಎಂಬುದು ನಮಗೆ ದಿನದ ಮಾತು, ಕಾರ್ಡಿಗೆ ಅದು ಜೀವದ ಪ್ರಶ್ನೆ. ಕಾರ್ಡಿನ ಬಿಸಿ ಎಂದರೆ ಕೋಣೆಯ ಬಿಸಿಯ ಮೇಲೆ ಅದು ಸೇರಿಸುವ ಬಿಸಿ. ಕೋಣೆ 28 ಇದ್ದಾಗ 68 ತೋರಿಸುವ ಕಾರ್ಡ್, ಆರ್‌ಸಿಸಿ ತಾರಸಿಯ ಕೆಳಗಿನ ಕೋಣೆ 42 ಆದಾಗ 82ಕ್ಕೆ ಬರುತ್ತದೆ. 83 ದಾಟಿದ ಮೇಲೆ ಬಹಳಷ್ಟು ಕಾರ್ಡ್‌ಗಳು ತಾವೇ ವೇಗ ಇಳಿಸಿಕೊಳ್ಳುತ್ತವೆ. ಜನವರಿಯಲ್ಲಿ ಚೆನ್ನಾಗಿದ್ದದ್ದು ಏಪ್ರಿಲ್‌ನಲ್ಲಿ ‘ಸ್ಲೋ ಆಗ್ಯಾದ’ ಎಂದು ಅಂಗಡಿಗೆ ಬರುವುದು ಹೀಗೆ. ಅದಕ್ಕೇ, ಹೆಚ್ಚುಕಡಿಮೆ ಒಂದೇ ವೇಗದ ಎರಡು ಕಾರ್ಡ್ ಎದುರಿಗಿದ್ದರೆ ಕಡಿಮೆ ವ್ಯಾಟ್‌ನದನ್ನು ಆರಿಸಿ. ಆರ್‌ಎಕ್ಸ್ 7600ರ 165 ವ್ಯಾಟ್‌ಗಿಂತ 4060ದ 115 ವ್ಯಾಟ್ ನಮ್ಮ ಊರಿಗೆ ಹೊಂದುತ್ತದೆ. ಒಂದೇ ಫ್ಯಾನಿನ ಪುಟ್ಟ ಮಾದರಿಗಿಂತ ಎರಡು ಫ್ಯಾನಿನದು ಮೇಲು. ಮೂರು ಫ್ಯಾನಿನದು ಬೇಕೆಂದರೆ ಮೊದಲು ಕ್ಯಾಬಿನೆಟ್ ಒಳಗೆ ಟೇಪ್ ಹಿಡಿದು ಅಳೆಯಿರಿ, ಹಲವು 300 ಮಿಲಿಮೀಟರ್ ದಾಟುತ್ತವೆ.

ಕ್ಯಾಬಿನೆಟ್ಟಿನ ಮುಂಭಾಗ ಜಾಲರಿಯದಿರಲಿ. ಮುಂದೆ ಪೂರ್ತಿ ಗಾಜು ಇದ್ದು ಬಣ್ಣದ ದೀಪದ ಫ್ಯಾನ್ ತಿರುಗುತ್ತಿದ್ದರೆ ನೋಡಲು ಚಂದ, ಗಾಳಿ ಬರಲು ದಾರಿಯಿಲ್ಲ. ಮುಂದೆ ಒಳಗೆಳೆಯುವ ಎರಡು ಫ್ಯಾನ್, ಹಿಂದೆ ಹೊರಗೆ ದೂಡುವ ಒಂದು. ಒಳಗೆ ಬರುವುದು ಹೆಚ್ಚಿದ್ದರೆ ಸಂದುಗಳಿಂದ ಧೂಳು ನುಗ್ಗುವುದು ಕಡಿಮೆ. ನಮ್ಮ ಎರೆಮಣ್ಣಿನ ಧೂಳು ಬಹಳ ನುಣುಪು, ಸಿಮೆಂಟ್ ಕಾರ್ಖಾನೆ, ಕಲ್ಲು ಗಣಿಗಳ ಪಕ್ಕದ ಊರುಗಳಲ್ಲಿ ಇನ್ನೂ ಹೆಚ್ಚು. ಕಾರ್ಡಿನ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಅದು ಕಂಬಳಿಯಂತೆ ಕೂರುತ್ತದೆ. ಎರಡು ತಿಂಗಳಿಗೊಮ್ಮೆ ಮುಂದಿನ ಜಾಲರಿ ತೊಳೆದು ಪೂರ್ತಿ ಒಣಗಿಸಿ ಹಾಕಿ, ಆರು ತಿಂಗಳಿಗೊಮ್ಮೆ ಬ್ಲೋವರ್ ಹೊಡೆಯಿರಿ. ಹೊಡೆಯುವಾಗ ಕಾರ್ಡಿನ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ತಡೆದು ಹಿಡಿಯಬೇಕು. ಇಲ್ಲದಿದ್ದರೆ ಅದು ತನ್ನ ಮಿತಿಗಿಂತ ಜೋರಾಗಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಕ್ಯಾಬಿನೆಟ್ ಅನ್ನು ಕಂಪ್ಯೂಟರ್ ಟೇಬಲ್ಲಿನ ಬಾಗಿಲಿರುವ ಗೂಡಿನಲ್ಲಿ ಇಡಬೇಡಿ, ಬಿಟ್ಟ ಬಿಸಿಯನ್ನೇ ಮತ್ತೆ ಎಳೆಯುತ್ತದೆ. ನೆಲದ ಮೇಲೂ ಬೇಡ. ಶಹಾಬಾದಿ ಫರಸಿ ತೊಳೆಯುವಾಗ ನೀರು ಎಲ್ಲಿ ಹರಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಎಸ್‌ಎಂಪಿಎಸ್ ಇರುವುದು ಬಹುತೇಕ ಕ್ಯಾಬಿನೆಟ್ಟಿನ ತಳದಲ್ಲೇ. ಅರ್ಧ ಅಡಿ ಎತ್ತರದ ಮಣೆ ಸಾಕು.

ಕೂಲರ್ ಇರುವ ಮನೆಗಳು ಹೆಚ್ಚು, ಅದರ ತಂಪು ಕಾರ್ಡಿಗೂ ಒಳ್ಳೆಯದೇ. ಆದರೆ ಕೂಲರಿನ ನೇರ ಗಾಳಿ ಕ್ಯಾಬಿನೆಟ್ಟಿಗೆ ಹೊಡೆಯಬಾರದು. ಪ್ಯಾಡ್ ಹಳತಾದರೆ ಗಾಳಿಯ ಜೊತೆ ಸಣ್ಣ ಹನಿ ಹಾರುತ್ತವೆ, ಬೋರಿನ ಗಡಸು ನೀರಾದರೆ ಒಣಗಿದ ಮೇಲೆ ಉಪ್ಪು ಬೋರ್ಡಿನ ಮೇಲೆ ಉಳಿಯುತ್ತದೆ. ಕೂಲರ್ ಒಂದು ಮೂಲೆ, ಕಂಪ್ಯೂಟರ್ ಅಡ್ಡ ಗೋಡೆಗೆ, ಕಿಟಕಿ ತೆರೆದಿರಲಿ. ಇಷ್ಟಾದರೂ ಬಿಸಿ ಇಳಿಯದಿದ್ದರೆ ಎಂಎಸ್‌ಐ ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ ಪವರ್ ಲಿಮಿಟ್ ಅನ್ನು ನೂರರಿಂದ 85ಕ್ಕೆ ಇಳಿಸಿ. ಕಳೆದುಕೊಳ್ಳುವ ಫ್ರೇಮ್‌ಗಳು ಬೆರಳೆಣಿಕೆಯಷ್ಟು, ಇಳಿಯುವ ಬಿಸಿ ಅದಕ್ಕಿಂತ ಹೆಚ್ಚು. ಎಫ್‌ಪಿಎಸ್ ಅನ್ನು ಮಾನಿಟರಿನ ಹರ್ಟ್ಜ್‌ಗೆ ಕಟ್ಟಿಹಾಕುವುದೂ ಅಷ್ಟೇ ಉಪಯೋಗ. 144 ಹರ್ಟ್ಜ್ ಪರದೆಗೆ 300 ಫ್ರೇಮ್ ಮಾಡಿ ಕೊಡುವುದರಲ್ಲಿ ಕಾರ್ಡ್ ಸುಮ್ಮನೆ ಬೇಯುತ್ತದೆ.

ಕರೆಂಟಿನ ಬಗ್ಗೆ ಎರಡೇ ವಿಷಯ. ಕ್ಯಾಬಿನೆಟ್ ಮುಟ್ಟಿದರೆ ಜುಂ ಎನ್ನುತ್ತಿದ್ದರೆ ನಿಮ್ಮ ಸಾಕೆಟ್ಟಿಗೆ ಅರ್ಥಿಂಗ್ ಇಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರುಗಳು ಅರ್ಥಿಂಗ್ ಸಿಗದೆ 230 ವೋಲ್ಟಿನ ಅರ್ಧದಷ್ಟನ್ನು ಡಬ್ಬಿಯ ಮೈಮೇಲೆ ತರುತ್ತವೆ. ಅದೇ ಸ್ಥಿತಿಯಲ್ಲಿ ಎಚ್‌ಡಿಎಂಐ ವೈರನ್ನು ಟಿವಿಗೆ ಚುಚ್ಚಿದರೆ ಕಾರ್ಡಿನ ಪೋರ್ಟ್ ಸುಡುವ ಅಪಾಯವಿದೆ. ಕಾರ್ಡಿಗೆ ಖರ್ಚು ಮಾಡುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ. ಇನ್ನೊಂದು ಯುಪಿಎಸ್: 600 ವಿಎ ಎಂದರೆ ಸುಮಾರು 360 ವ್ಯಾಟ್. 4060 ಇರುವ ಕಂಪ್ಯೂಟರ್ ಮತ್ತು ಮಾನಿಟರ್ ಸೇರಿ ಅದರೊಳಗೆ ಹಿಡಿಯುತ್ತವೆ, 5060 ಟಿಐಗೆ 1000 ವಿಎ ಬೇಕು. ಮನೆಯ ಇನ್ವರ್ಟರ್ ಮೇಲೆ ನಡೆಸುವವರು ಅದರ ಸ್ವಿಚ್ಚನ್ನು ಯುಪಿಎಸ್ ಮೋಡಿನಲ್ಲಿ ಇಡಬೇಕು. ಸಾಧಾರಣ ಮೋಡಿನಲ್ಲಿ ಬದಲಾಗುವ ಹೊತ್ತಿಗೆ ಕಂಪ್ಯೂಟರ್ ರೀಸ್ಟಾರ್ಟ್ ಆಗಿರುತ್ತದೆ.

ಜೋಡಿಸಿದ ಮೇಲಿನ ತಪ್ಪುಗಳಲ್ಲಿ ಒಂದು ಎಲ್ಲಕ್ಕಿಂತ ಸಾಮಾನ್ಯ: ಮಾನಿಟರ್ ವೈರನ್ನು ಕಾರ್ಡಿಗೆ ಬದಲು ಮದರ್‌ಬೋರ್ಡಿಗೆ ಚುಚ್ಚುವುದು. ಪರದೆ ಬರುತ್ತದೆ, ಆಟವೂ ಓಡುತ್ತದೆ, ಕುಂಟುತ್ತಾ. ಹಿಂದೆ ಅಡ್ಡಡ್ಡ ಇರುವ ಸಾಕೆಟ್‌ಗಳೇ ಕಾರ್ಡಿನವು. ರ್ಯಾಮ್ 16 ಜಿಬಿಯ ಒಂದೇ ಪಟ್ಟಿಗಿಂತ 8ರ ಎರಡು ಇರಲಿ. ಬಯೋಸ್‌ನಲ್ಲಿ ರ್ಯಾಮನ್ನು ಅದರ ಪೂರ್ತಿ ವೇಗಕ್ಕೆ ತರುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಮಾಡಿ. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಹರ್ಟ್ಜ್ ಆರಿಸದಿದ್ದರೆ 144ರ ಮಾನಿಟರ್ 60ರಲ್ಲೇ ಕೂತಿರುತ್ತದೆ.

ಕಂಪ್ಯೂಟರ್ ಮನೆಗೆ ಒಯ್ಯುವ ಮೊದಲು ಅಂಗಡಿಯಲ್ಲೇ ಅರ್ಧ ಗಂಟೆ ಕೂರಿ. ಜಿಪಿಯು–ಜೆಡ್ ಎಂಬ ಪುಕ್ಕಟೆ ತಂತ್ರಾಂಶ ತೆರೆದರೆ ಕಾರ್ಡಿನ ಹೆಸರು, ಮೆಮೊರಿಯ ಬಗೆ, ಎಷ್ಟು ಬಿಟ್, ಎಷ್ಟು ಲೇನ್ ಎಲ್ಲ ಒಂದೇ ಕಿಟಕಿಯಲ್ಲಿ ಕಾಣುತ್ತದೆ. ಹಳೆಯ ಚಿಪ್ಪಿನ ಬಯೋಸ್ ತಿದ್ದಿ ಜಿಟಿಎಕ್ಸ್ 1050 ಟಿಐ ಎಂದು ಮಾರುವ ನಕಲಿ ಕಾರ್ಡ್‌ಗಳಿವೆ. ಅಂಥವನ್ನು ಹಲವು ಸಲ ಅದೇ ಗುರುತಿಸಿ ಹೆಸರಿನ ಮುಂದೆ ನಕಲಿ ಎಂದು ತೋರಿಸುತ್ತದೆ. ಆಮೇಲೆ ಭಾರವಾದ ಆಟವೊಂದನ್ನು 20 ನಿಮಿಷ ಓಡಿಸಿ, ಬಿಸಿ ಎಲ್ಲಿಗೆ ನಿಲ್ಲುತ್ತದೆ, ಪರದೆಯಲ್ಲಿ ಚುಕ್ಕಿ ಅಥವಾ ಪಟ್ಟೆ ಮೂಡುತ್ತದೆಯೇ ನೋಡಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಈ ಪರೀಕ್ಷೆ ಬಿಡುವಂತಿಲ್ಲ. ಜೊತೆಗೆ ಕಾರ್ಡ್ ತಿರುಗಿಸಿ ಸ್ಕ್ರೂಗಳ ತಲೆ ಸವೆದಿದೆಯೇ, ಅಂಚಿನಲ್ಲಿ ಎಣ್ಣೆ ಜಿನುಗಿದೆಯೇ ನೋಡಿ. ಹಗಲಿರುಳು ಕ್ರಿಪ್ಟೊ ನಾಣ್ಯದ ಮೈನಿಂಗ್‌ನಲ್ಲಿ ದುಡಿದ ಕಾರ್ಡ್‌ಗಳಲ್ಲಿ, ಬಿಸಿ ದಾಟಿಸುವ ಥರ್ಮಲ್ ಪ್ಯಾಡಿನ ಎಣ್ಣೆ ಹೀಗೆ ಹೊರಬರುತ್ತದೆ. ಜಿಟಿಎಕ್ಸ್ 900 ಮತ್ತು 10 ಸರಣಿಯ ಕಾರ್ಡ್‌ಗಳನ್ನು ಈಗ ಕೊಳ್ಳುವುದು ಬೇಡ. ಎನ್‌ವಿಡಿಯಾ ಅವುಗಳಿಗೆ ಹೊಸ ಗೇಮ್ ಡ್ರೈವರ್ (ಹೊಸ ಆಟಗಳಿಗೆ ಕಾರ್ಡನ್ನು ಹೊಂದಿಸುವ ತಂತ್ರಾಂಶ) ಕೊಡುವುದನ್ನು 2025ರ ಅಕ್ಟೋಬರಿಗೆ ಮುಗಿಸಿದೆ. 1650 ಅದರ ನಂತರದ ತಲೆಮಾರಿನದು, ಅದಕ್ಕೆ ಆ ತೊಂದರೆ ಇಲ್ಲ.

ಬೀದರ್‌ನವರಿಗೆ ಹೈದರಾಬಾದ್ ಹತ್ತಿರ. ಸಿಕಂದರಾಬಾದಿನ ಕಂಪ್ಯೂಟರ್ ಮಾರುಕಟ್ಟೆ ಸಿಟಿಸಿಗೆ ಬೆಳಗ್ಗೆ ಹೋಗಿ ಸಂಜೆ ಬರುವವರು ಬಹಳ. ಅಲ್ಲಿಯೂ ಇಲ್ಲಿಯೂ ಕೇಳಿಬರುವ ಮಾತು “ಬಿಲ್ ಬ್ಯಾಡಂದ್ರ ಕಡಿಮಿ ಮಾಡ್ತೀವಿ”. ಉಳಿಯುವುದು 18 ಪರ್ಸೆಂಟ್ ಜಿಎಸ್‌ಟಿ. ಹೋಗುವುದು ಸಾಮಾನ್ಯವಾಗಿ ಮೂರು ವರ್ಷದ ವಾರಂಟಿಯ ಆಧಾರ. ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ತಕರಾರು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ. ಆದರೆ ‘ಗ್ರಾಫಿಕ್ಸ್ ಕಾರ್ಡ್ 4 ಜಿಬಿ – 1’ ಎಂದಿರುವ ಚೀಟಿ ಹಿಡಿದು ಅಲ್ಲಿ ನಿಂತರೆ, ಕೊಟ್ಟದ್ದು ಯಾವ ಕಾರ್ಡ್ ಎಂದು ಸಾಬೀತು ಮಾಡುವುದೇ ಕಷ್ಟ.

ಆದ್ದರಿಂದ ಕಲಬುರಗಿ, ಯಾದಗಿರಿ, ಬೀದರ್ ಈ ನಮ್ಮ ಮೂರೂ ಜಿಲ್ಲೆಗಳ ಕಂಪ್ಯೂಟರ್ ವ್ಯಾಪಾರಸ್ಥರಲ್ಲಿ ಕಳಕಳಿಯಿಂದ ಕೇಳುವುದಿಷ್ಟು. ಬಿಲ್ಲಿನಲ್ಲಿ ಕಾರ್ಡಿನ ಸಾಲು ಹೀಗಿರಲಿ: ತಯಾರಿಸಿದ ಕಂಪನಿ, ‘ಆರ್‌ಟಿಎಕ್ಸ್ 5060 ಟಿಐ, 16 ಜಿಬಿ, ಜಿಡಿಡಿಆರ್7’ ಎಂಬಂತೆ ಪೂರ್ಣ ಹೆಸರು, ಡಬ್ಬಿಯ ಮೇಲಿನ ಮತ್ತು ಕಾರ್ಡಿನ ಮೇಲಿನ ಎರಡೂ ಚೀಟಿಗೆ ತಾಳೆಯಾಗುವ ಸೀರಿಯಲ್ ನಂಬರ್, ವಾರಂಟಿ ಎಷ್ಟು ವರ್ಷ, ಅದನ್ನು ನೋಡಿಕೊಳ್ಳುವವರು ಅಂಗಡಿಯವರೋ ಕಂಪನಿಯೋ. ಅದರ ಕೆಳಗಿನ ಸಾಲಿನಲ್ಲಿ ಎಸ್‌ಎಂಪಿಎಸ್‌ನ ಮಾದರಿ, ಅದರದೂ ಸೀರಿಯಲ್ ನಂಬರ್. ಕೊಳ್ಳುವವರು ಡಬ್ಬಿ ಕಟ್ಟುವ ಮೊದಲು ಈ ಎರಡು ಸಾಲು ಓದಿ, ಕಾರ್ಡಿನ ಮೈಮೇಲಿನ ಚೀಟಿಯ ಫೋಟೊ ತೆಗೆದಿಟ್ಟುಕೊಳ್ಳಲಿ. ಆ ಚೀಟಿ ಕಿತ್ತುಹೋದರೆ ಕಂಪನಿ ವಾರಂಟಿಗೆ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಧೂಳು ಒರೆಸುವಾಗ ಅದರ ಮೇಲೆ ಒದ್ದೆ ಬಟ್ಟೆ ಆಡಿಸಬಾರದು.

– ಕಂಪ್ಯೂಟರ್ ಜೋಡಣೆಯ ವೃತ್ತಿಯಲ್ಲಿರುವ ಓದುಗ, ಬ್ರಹ್ಮಪುರ, ಕಲಬುರಗಿ